ನೇಗಿಲಿಗೆ ಸಿಕ್ಕದ ಹುಲ್ಲು

ಪ್ರೌಢಶಾಲೆಯ ಭೂಗೋಳ ಪುಸ್ತಕದಲ್ಲಿ ಸಮಶೀತೋಷ್ಣ ವಲಯದ ಹುಲ್ಲುಗಾವಲುಗಳ ಬಗ್ಗೆ ಒಂದು ಪಾಠ ಇದ್ದೇ ಇರುತ್ತದೆ. ಯುರೇಷ್ಯದಲ್ಲಿ ಸ್ಟೆಪ್ಪಿ, ದಕ್ಷಿಣ ಅಮೆರಿಕದಲ್ಲಿ ಪಂಪಾ, ದಕ್ಷಿಣ ಆಫ್ರಿಕದಲ್ಲಿ ವೆಲ್ಡ್, ಆಸ್ಟ್ರೇಲಿಯದಲ್ಲಿ ಡೌನ್ಸ್, ಉತ್ತರ ಅಮೆರಿಕದಲ್ಲಿ ಪ್ರೇರಿ. 'ಹೊಂದಿಸಿ ಬರೆಯಿರಿ' ಪ್ರಶ್ನೆಗೆ ಇಷ್ಟು ಅನುಕೂಲವಾದ ಪಾಠ ಇನ್ನೊಂದಿರಲಾರದು. ಪ್ರೇರಿಯೆಂದರೆ ಗೋಧಿಯ ಕಣಜ ಎಂಬ ಮಾತೂ ಅದೇ ಪಾಠದಲ್ಲಿ ಬರುತ್ತದೆ. ಆದರೆ ಒಂದು ಸಣ್ಣ ಅನುಮಾನ ಯಾರಿಗಾದರೂ ಬರಬೇಕು. ಹುಲ್ಲುಗಾವಲು ಎಂದು ಕಲಿತ ಜಾಗವೆಲ್ಲ ಗೋಧಿ ಹೊಲವಾಗಿದ್ದರೆ ಅಲ್ಲಿದ್ದ ಹುಲ್ಲು ಎಲ್ಲಿಗೆ ಹೋಯಿತು?

ಈ ಪ್ರಶ್ನೆಗೆ ಉತ್ತರ ಹೇಳಬಲ್ಲ ಒಂದು ಪುಟ್ಟ ಹಳ್ಳಿ ಕೆನಡಾ ದೇಶದಲ್ಲಿದೆ. ಅದರ ಹೆಸರು ವಾಲ್ ಮರೀ. ಫ್ರೆಂಚ್ ಭಾಷೆಯಲ್ಲಿ 'ಮೇರಿಯ ಕಣಿವೆ' ಎಂದರ್ಥ. ಅಟ್ಲಾಸ್ ತೆರೆದು ಕೆನಡಾ ಮತ್ತು ಅಮೆರಿಕ ಸಂಯುಕ್ತ ಸಂಸ್ಥಾನಗಳ ನಡುವೆ ನೇರವಾಗಿ ಹಾಯುವ 49 ಡಿಗ್ರಿ ಅಕ್ಷಾಂಶದ ಗಡಿಯನ್ನು ಹುಡುಕಿ. ಅದರ ಮೇಲ್ಗಡೆ ಸಸ್ಕ್ಯಾಚೆವಾನ್ ಎಂಬ ಪ್ರಾಂತ್ಯ ಇದೆ. ಆ ಪ್ರಾಂತ್ಯದ ನೈಋತ್ಯ ಮೂಲೆಯಲ್ಲಿ, ಗಡಿಗೆ ಹತ್ತಿರ, ಫ್ರೆಂಚ್‌ಮನ್ ಎಂಬ ಸಣ್ಣ ನದಿಯ ದಂಡೆಯಲ್ಲಿ ಈ ಊರಿದೆ. ದೊಡ್ಡ ಪೇಟೆ ಎನ್ನಬಹುದಾದ ಸ್ವಿಫ್ಟ್ ಕರೆಂಟ್‌ಗೆ ಇಲ್ಲಿಂದ ಸುಮಾರು 120 ಕಿಲೋಮೀಟರ್. ಊರಿನ ಜನಸಂಖ್ಯೆ ಸಾವಿರವೂ ಅಲ್ಲ, ಐನೂರೂ ಅಲ್ಲ. ಇತ್ತೀಚಿನ ವರ್ಷಗಳಲ್ಲಿ ನೂರರ ಆಸುಪಾಸಿನಲ್ಲೇ ಇದೆ. ನಮ್ಮ ಒಂದು ಶಾಲೆಯ ಎರಡು ತರಗತಿಗಳ ಮಕ್ಕಳನ್ನು ಸೇರಿಸಿದರೆ ಅಷ್ಟು ಜನ ಆದಾರು.

ಇಬ್ಬರು ನೋಡಿದ ಒಂದೇ ನೆಲ

1857ರಲ್ಲಿ ಜಾನ್ ಪ್ಯಾಲಿಸರ್ ಎಂಬ ಐರ್ಲೆಂಡಿನ ಕ್ಯಾಪ್ಟನ್ ಈ ಬಯಲನ್ನು ಪರಿಶೀಲಿಸಲು ಹೊರಟ. ಬ್ರಿಟಿಷ್ ಸರ್ಕಾರ ಮತ್ತು ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಅವನ ಬೆನ್ನಿಗಿದ್ದವು. 1860ರವರೆಗೆ ಸುತ್ತಾಡಿದ ಅವನು ಗಡಿಯ ಮಗ್ಗುಲಲ್ಲಿ ತ್ರಿಕೋನಾಕಾರದ ಒಂದು ಪ್ರದೇಶವನ್ನು ಗುರುತಿಸಿ, ಇದು ತೀರ ಒಣ ನೆಲ, ಬೇಸಾಯಕ್ಕೆ ತಕ್ಕದ್ದಲ್ಲ ಎಂದು ವರದಿ ಕೊಟ್ಟ. ಇಂದಿಗೂ ಅದನ್ನು 'ಪ್ಯಾಲಿಸರ್ ತ್ರಿಕೋನ' ಎಂದೇ ಕರೆಯುತ್ತಾರೆ. ವಾಲ್ ಮರೀ ಇರುವುದು ಅದರ ಒಳಗೆ.

ಅವನ ನಂತರ, 1870ರ ದಶಕದಲ್ಲಿ ಮತ್ತು 1880ರ ಸುಮಾರಿಗೆ, ಜಾನ್ ಮಕೂನ್ ಎಂಬ ಸಸ್ಯಶಾಸ್ತ್ರಜ್ಞ ಅದೇ ಬಯಲಿನಲ್ಲಿ ಓಡಾಡಿದ. ಅವನ ಕಣ್ಣಿಗೆ ಬಿದ್ದದ್ದು ಹಸಿರು, ಸೊಂಪಾದ ಹುಲ್ಲು. ಇದು ಗೋಧಿಗೆ ಹೇಳಿ ಮಾಡಿಸಿದ ನೆಲ ಎಂದು ಅವನು ಸಾರಿದ. ಪಶ್ಚಿಮಕ್ಕೆ ರೈಲುಹಾದಿ ಹಾಸಿ ಜನರನ್ನು ತುಂಬಿಸುವ ಆತುರದಲ್ಲಿದ್ದ ಕೆನಡಾ ಸರ್ಕಾರಕ್ಕೆ ಬೇಕಾದದ್ದೂ ಅದೇ ಮಾತು.

ಇಬ್ಬರಲ್ಲಿ ಯಾರು ಸುಳ್ಳು ಹೇಳಿದರು? ಯಾರೂ ಇಲ್ಲ. ಪ್ಯಾಲಿಸರ್ ಬಂದದ್ದು ಮಳೆ ಕಡಿಮೆಯಾದ ವರ್ಷಗಳಲ್ಲಿ; ಮಕೂನ್ ಬಂದದ್ದು ಮಳೆ ಚೆನ್ನಾಗಿ ಆದ ವರ್ಷಗಳಲ್ಲಿ. ಈ ಸೀಮೆಯಲ್ಲಿ ಮಳೆ, ಹಿಮ ಎಲ್ಲ ಸೇರಿ ವರ್ಷಕ್ಕೆ ಬೀಳುವುದು ಸುಮಾರು 350 ಮಿಲಿಮೀಟರ್. ನಮ್ಮ ಬಳ್ಳಾರಿಯ ಕಡೆಯ ಒಣ ಬಯಲಿಗಿಂತಲೂ ಇದು ಕಡಿಮೆ. ಅದೂ ಒಂದು ವರ್ಷ ಇದ್ದಂತೆ ಇನ್ನೊಂದು ವರ್ಷ ಇರುವುದಿಲ್ಲ. ವಿಜ್ಞಾನ ಓದುವ ವಿದ್ಯಾರ್ಥಿಗಳು ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಕಣ್ಣಿಂದ ಕಂಡದ್ದು ನಿಜವೇ ಆಗಿದ್ದರೂ, ನಾಲ್ಕಾರು ವರ್ಷಗಳ ನೋಟದಿಂದ ತೀರ್ಮಾನಕ್ಕೆ ಬಂದರೆ ತೀರ್ಮಾನ ತಪ್ಪಾಗಬಹುದು. ಆ ತಪ್ಪಿನ ಬೆಲೆಯನ್ನು ತೆತ್ತವರು ವರದಿ ಬರೆದವರಲ್ಲ. ನೆಲ ಹಿಡಿದ ಒಕ್ಕಲು ಮಕ್ಕಳು.

ಬಯಲು ಬರಿದಾಗಿರಲಿಲ್ಲ

'ಖಾಲಿ ಬಯಲು' ಎಂದು ಆಗಿನ ಪ್ರಚಾರ ಪತ್ರಗಳು ಹೇಳಿದರೂ ಅದು ಎಂದೂ ಖಾಲಿಯಾಗಿರಲಿಲ್ಲ. ಕೋಟಿಗಟ್ಟಲೆ ಬೈಸನ್‌ಗಳು ಮೇಯುತ್ತಿದ್ದ ನೆಲ ಅದು. (ನಮ್ಮ ಬಂಡೀಪುರ, ನಾಗರಹೊಳೆಯ ಕಾಟಿಯನ್ನು 'ಇಂಡಿಯನ್ ಬೈಸನ್' ಎಂದು ಕರೆಯುವ ರೂಢಿ ಇದೆ, ಆದರೆ ಕಾಟಿಯೇ ಬೇರೆ, ಹೆಗಲ ಮೇಲೆ ದಟ್ಟ ಕೂದಲಿರುವ ಈ ಬೈಸನ್ನೇ ಬೇರೆ.) ಆ ಹಿಂಡುಗಳನ್ನೇ ನಂಬಿ ಕ್ರೀ, ಅಸಿನಿಬಾಯ್ನ್, ಬ್ಲ್ಯಾಕ್‌ಫೂಟ್ ಮುಂತಾದ ಮೂಲನಿವಾಸಿ ಜನ ಮತ್ತು ಮೆಟಿ ಜನ ಬದುಕಿದ್ದರು. ಡೇರೆಯ ಅಂಚಿಗೆ ಅವರು ಸುತ್ತಲೂ ಇಟ್ಟ ಕಲ್ಲುಗಳು ಸಾವಿರಾರು ವೃತ್ತಗಳಾಗಿ ಇಂದಿಗೂ ವಾಲ್ ಮರೀ ಸುತ್ತಲಿನ ದಿಬ್ಬಗಳ ಮೇಲೆ ಉಳಿದಿವೆ. ಬೈಸನ್‌ಗಳು ಮೈ ತಿಕ್ಕಿ ತಿಕ್ಕಿ ನುಣುಪಾದ ಹೆಬ್ಬಂಡೆಗಳೂ ಅಲ್ಲಲ್ಲಿ ನಿಂತಿವೆ.

1874ರಲ್ಲಿ ಮೂಲನಿವಾಸಿಗಳೊಡನೆ ನಾಲ್ಕನೆಯ ಒಪ್ಪಂದವಾಯಿತು. ಈ ಪ್ರದೇಶ ಸರ್ಕಾರದ ವಶವಾಯಿತು. ಅಷ್ಟರಲ್ಲಿ ಚರ್ಮದ ವ್ಯಾಪಾರಕ್ಕಾಗಿ ನಡೆದ ಬೇಟೆಯಿಂದ ಬೈಸನ್ ಹಿಂಡುಗಳು ಕರಗುತ್ತಿದ್ದವು. ಅಮೆರಿಕದ ಸೈನ್ಯವನ್ನು 1876ರಲ್ಲಿ ಲಿಟ್ಲ್ ಬಿಗ್‌ಹಾರ್ನ್ ಕಾಳಗದಲ್ಲಿ ಸೋಲಿಸಿದ ಲಕೋಟಾ ಜನರ ಮುಖಂಡ ಸಿಟ್ಟಿಂಗ್ ಬುಲ್, ಮರುವರ್ಷ ಗಡಿ ದಾಟಿ ಬಂದು ಇಲ್ಲಿಂದ ಪೂರ್ವಕ್ಕಿರುವ ವುಡ್ ಮೌಂಟನ್ ಸುತ್ತಮುತ್ತ ನೆಲೆ ನಿಂತ. 1881ರಲ್ಲಿ ಅವನು ಹಿಂದಿರುಗಿ ಶರಣಾಗಬೇಕಾಯಿತು. ಬಂದೂಕಿಗಿಂತ ಹೆಚ್ಚಾಗಿ ಅವನನ್ನು ಮಣಿಸಿದ್ದು ಹಸಿವು. ಬೇಟೆಯಾಡಲು ಬೈಸನ್ ಉಳಿದಿರಲಿಲ್ಲ.

ಹತ್ತು ಡಾಲರಿಗೆ 160 ಎಕರೆ

1872ರ ಕಾನೂನಿನಂತೆ ಸರ್ಕಾರ ಪ್ರೇರಿಯನ್ನೆಲ್ಲ ಚದುರಂಗದ ಹಾಸಿನಂತೆ ಅಳೆದು ಗೆರೆ ಎಳೆಯಿತು. ಆರು ಮೈಲಿ ಉದ್ದ, ಆರು ಮೈಲಿ ಅಗಲದ ಒಂದು ಟೌನ್‌ಷಿಪ್. ಅದರಲ್ಲಿ ಒಂದೊಂದು ಚದರ ಮೈಲಿಯ 36 ಸೆಕ್ಷನ್‌ಗಳು. ಒಂದು ಸೆಕ್ಷನ್ ಎಂದರೆ 640 ಎಕರೆ. ಅದರ ಕಾಲು ಭಾಗ, ಅಂದರೆ 160 ಎಕರೆ, ಒಬ್ಬ ಒಕ್ಕಲಿಗೆ. ಶುಲ್ಕ ಹತ್ತು ಡಾಲರ್. ಮೂರು ವರ್ಷ ಅಲ್ಲಿ ವಾಸವಿದ್ದು, ಮನೆ ಕಟ್ಟಿ, ಒಂದಿಷ್ಟು ನೆಲವನ್ನು ಉತ್ತು ತೋರಿಸಿದರೆ ಜಮೀನು ಅವನದು.

ಈ ಲೆಕ್ಕದಲ್ಲಿ ವಿದ್ಯಾರ್ಥಿಗಳಿಗೆ ಇಷ್ಟವಾಗುವ ಒಂದು ಅಂಶವಿದೆ. ಪ್ರತಿ ಟೌನ್‌ಷಿಪ್ಪಿನಲ್ಲೂ 11 ಮತ್ತು 29ನೆಯ ಸೆಕ್ಷನ್‌ಗಳನ್ನು ಶಾಲೆಗಳಿಗಾಗಿ ಎತ್ತಿಡಲಾಗಿತ್ತು. ಅವನ್ನು ಮಾರಿ ಬಂದ ಹಣ ವಿದ್ಯಾಭ್ಯಾಸದ ನಿಧಿಗೆ. ಅಂದರೆ ಒಬ್ಬ ಮಗುವೂ ಬರುವ ಮುನ್ನವೇ, ನೆಲದ ಹದಿನೆಂಟರಲ್ಲಿ ಒಂದು ಪಾಲನ್ನು ಶಾಲೆಯ ಹೆಸರಿಗೆ ಬರೆದಿಟ್ಟಿದ್ದರು. ಮುಂದೆ ಸಸ್ಕ್ಯಾಚೆವಾನಿನಲ್ಲಿ ಸುಮಾರು 5,000 ಶಾಲಾ ಜಿಲ್ಲೆಗಳಾದವು. ಬಹುಪಾಲು ಒಂದೇ ಕೋಣೆಯ ಶಾಲೆಗಳು. ಒಬ್ಬರೇ ಮೇಷ್ಟ್ರು ಅಥವಾ ಮಿಸ್, ಎಂಟು ತರಗತಿ.

ಆದರೂ ವಾಲ್ ಮರೀ ಸುತ್ತಲಿನ ಒಣ ಭಾಗಕ್ಕೆ ಒಕ್ಕಲು ಬಂದದ್ದು ತಡವಾಗಿ. ಮೊದಲು ಅಲ್ಲಿ ದೊಡ್ಡ ದನಗಾಹಿ ಸಂಸ್ಥೆಗಳು ಸಾವಿರಾರು ದನಗಳನ್ನು ಮೇಯಿಸುತ್ತಿದ್ದವು. 1906-07ರ ಭಯಂಕರ ಚಳಿಗಾಲದಲ್ಲಿ ಹಿಮದ ಕೆಳಗಿನ ಹುಲ್ಲು ಸಿಗದೆ ದನಗಳು ರಾಶಿ ರಾಶಿಯಾಗಿ ಸತ್ತವು. ಆ ಸಂಸ್ಥೆಗಳ ಬೆನ್ನು ಮುರಿಯಿತು. 1908ರಲ್ಲಿ ಸರ್ಕಾರ ಈ ಒಣ ಮೂಲೆಯನ್ನೂ ಬೇಸಾಯಗಾರರಿಗೆ ತೆರೆಯಿತು. 1910ರಲ್ಲಿ ಒಬ್ಬ ಪಾದ್ರಿಯ ಮುಂದಾಳ್ತನದಲ್ಲಿ ಫ್ರೆಂಚ್ ಮಾತಾಡುವ ಕುಟುಂಬಗಳು ಬಂದು ಕಣಿವೆಗೆ 'ವಾಲ್ ಮರೀ' ಎಂದು ಹೆಸರಿಟ್ಟವು. 1920ರ ದಶಕದಲ್ಲಿ ರೈಲು ಬಂತು. 1926ರಲ್ಲಿ ಅಧಿಕೃತವಾಗಿ ಹಳ್ಳಿಯಾಯಿತು.

ಎತ್ತರದ ಮರದ ಗೋಪುರ

ಪ್ರೇರಿಯ ಹಳ್ಳಿಯನ್ನು ದೂರದಿಂದಲೇ ಗುರುತಿಸುವುದು ಎಲಿವೇಟರ್ ಎಂಬ ಎತ್ತರದ ಮರದ ಕಣಜದಿಂದ. ಎಲಿವೇಟರ್ ಎಂದೊಡನೆ ಜನ ಹತ್ತುವ ಲಿಫ್ಟ್ ನೆನಪಾಗಬಹುದು. ಇದು ಧಾನ್ಯ ಹತ್ತುವ ಲಿಫ್ಟ್. ರೈತ ತಂದು ಸುರಿದ ಗೋಧಿಯನ್ನು, ಪಟ್ಟಿಗೆ ಜೋಡಿಸಿದ ಡಬರಿಗಳು ಮೇಲಕ್ಕೊಯ್ದು ಬೇರೆ ಬೇರೆ ಅಂಕಣಗಳಿಗೆ ಹಾಕುತ್ತವೆ. ರೈಲು ಬಂದಾಗ ಅಲ್ಲಿಂದ ಕೊಳವೆಯ ಮೂಲಕ ಸೀದಾ ವ್ಯಾಗನ್ನಿಗೆ ಇಳಿಯುತ್ತದೆ.

ಕುದುರೆ ಗಾಡಿಯಲ್ಲಿ ಗೋಧಿ ತುಂಬಿ, ಮಾರಿ, ಅದೇ ದಿನ ಮನೆಗೆ ಮರಳಬೇಕಾದರೆ ರೈತ ಎಷ್ಟು ದೂರ ಹೋದಾನು? ಹದಿನೈದು ಕಿಲೋಮೀಟರ್ ಒಳಗೆ ತಾನೆ? ಅದಕ್ಕೇ ಹಾದಿಯುದ್ದಕ್ಕೂ ಸುಮಾರು 11ರಿಂದ 16 ಕಿಲೋಮೀಟರಿಗೊಂದು ನಿಲ್ದಾಣ, ನಿಲ್ದಾಣಕ್ಕೊಂದೆರಡು ಎಲಿವೇಟರ್, ಅದರ ನೆರಳಿಗೊಂದು ಹಳ್ಳಿ ಹುಟ್ಟಿತು. ನಮ್ಮಲ್ಲಿ ಊರು ಹುಟ್ಟಿದ್ದು ಕೆರೆ, ಹೊಳೆ, ಕೋಟೆ, ಸಂತೆ, ಗುಡಿಗಳ ಸುತ್ತ. ಅಲ್ಲಿ ಊರು ಹುಟ್ಟಿದ್ದು ಕುದುರೆಯ ಕಾಲಿನ ಅಳತೆಯ ಮೇಲೆ. 1930ರ ದಶಕದಲ್ಲಿ ಪ್ರೇರಿ ಪ್ರಾಂತ್ಯಗಳಲ್ಲಿ 5,000ಕ್ಕೂ ಹೆಚ್ಚು ಎಲಿವೇಟರುಗಳಿದ್ದವು.

ಕುದುರೆ ಹೋಗಿ ಲಾರಿ ಬಂದ ಮೇಲೆ ಆ ಅಳತೆಯೇ ಬದಲಾಯಿತು. ಮೂವತ್ತು, ಅರವತ್ತು ಕಿಲೋಮೀಟರ್ ದೂರ ದೂರವೇ ಅಲ್ಲ ಎಂದಾಯಿತು. 1897ರಿಂದ ನಡೆದು ಬಂದಿದ್ದ ಧಾನ್ಯ ಸಾಗಣೆಯ ಅಗ್ಗದ ದರದ ವ್ಯವಸ್ಥೆ 1983ರಲ್ಲಿ ಸಡಿಲಗೊಂಡಿತು. ಅದರ ಬದಲಿಗೆ ಬಂದ ಸಹಾಯಧನವೂ 1995ರಲ್ಲಿ ನಿಂತಿತು. ಕವಲು ಹಾದಿಗಳನ್ನು ಕಿತ್ತರು, ಮರದ ಎಲಿವೇಟರುಗಳನ್ನು ಸಾಲಾಗಿ ಕೆಡವಿದರು. ಮುಖ್ಯ ಹಾದಿಯ ಮೇಲೆ ದೂರ ದೂರಕ್ಕೆ ದೈತ್ಯ ಕಾಂಕ್ರೀಟ್ ಕಣಜಗಳು ಎದ್ದವು. ಅಂಚೆ ಕಚೇರಿ, ಅಂಗಡಿ, ಶಾಲೆ ಒಂದೊಂದಾಗಿ ಮುಚ್ಚಿ, ನೂರಾರು ಊರುಗಳು ನಕ್ಷೆಯಲ್ಲಿ ಬರೀ ಹೆಸರಾಗಿ ಉಳಿದವು. 1944ರ ಕಾನೂನಿನ ನಂತರ ಸಣ್ಣ ಶಾಲೆಗಳನ್ನು ಕೂಡಿಸುವ ಕೆಲಸವೂ ನಡೆದಿತ್ತು. ಮಕ್ಕಳಿಗೆ ಒಳ್ಳೆಯ ಶಾಲೆ ಸಿಕ್ಕಿತು, ನಿಜ. ಆದರೆ ಶಾಲೆಯ ಬಸ್ಸು ಹೋದ ದಾರಿಯಲ್ಲೇ ಕುಟುಂಬಗಳೂ ಹೊರಟವು.

ಮಣ್ಣು ಹಾರಿದ ವರ್ಷಗಳು

ಇದಕ್ಕೂ ಮೊದಲೇ ಪ್ಯಾಲಿಸರನ ಮಾತು ನಿಜವಾಗಿತ್ತು. 1930ರ ದಶಕದಲ್ಲಿ ವರ್ಷದ ಮೇಲೆ ವರ್ಷ ಮಳೆ ಕೈಕೊಟ್ಟಿತು. ಅದೇ ಹೊತ್ತಿಗೆ ಜಾಗತಿಕ ಆರ್ಥಿಕ ಕುಸಿತದಿಂದ ಗೋಧಿಯ ಬೆಲೆಯೂ ಬಿದ್ದಿತ್ತು. ಹುಲ್ಲು ಕಿತ್ತ ನೆಲದ ಮಣ್ಣು ಗಾಳಿಗೆ ಎದ್ದು ನಡುಹಗಲನ್ನೇ ಕತ್ತಲೆ ಮಾಡಿತು. 1931 ಮತ್ತು 1941ರ ನಡುವೆ ಸುಮಾರು ಎರಡೂವರೆ ಲಕ್ಷ ಜನ ಪ್ರೇರಿಯನ್ನು ಬಿಟ್ಟು ಹೋದರು.

ಮಣ್ಣು ಏಕೆ ಹಾರಿತು ಎಂಬುದಕ್ಕೆ ಉತ್ತರ ಹುಲ್ಲಿನ ಬೇರಿನಲ್ಲಿದೆ. ಪ್ರೇರಿಯ ಹುಲ್ಲು ನೋಡಲು ಮೊಣಕಾಲೆತ್ತರಕ್ಕೂ ಬಾರದು. ಆದರೆ ಗಿಡದ ಹೆಚ್ಚಿನ ಪಾಲು ಇರುವುದು ನೆಲದ ಕೆಳಗೆ. ಅನೇಕ ಬಗೆಯ ಹುಲ್ಲುಗಳ ಬೇರು ಒಂದು ಮೀಟರಿಗೂ ಆಳಕ್ಕೆ ಇಳಿದು, ಹೆಣೆದ ಚಾಪೆಯಂತೆ ಮಣ್ಣನ್ನು ಹಿಡಿದಿರುತ್ತದೆ. ಮೊದಲ ಒಕ್ಕಲುಗಳು ಆ ಬೇರುಸಮೇತದ ಹೆಂಟೆಗಳನ್ನೇ ಇಟ್ಟಿಗೆಯಂತೆ ಕತ್ತರಿಸಿ ಮನೆ ಕಟ್ಟಿಕೊಂಡಿದ್ದರು ಎಂದರೆ ಅದು ಎಷ್ಟು ಗಟ್ಟಿ ಎಂದು ಊಹಿಸಿ. ನೇಗಿಲು ಒಮ್ಮೆ ಅದನ್ನು ಮಗುಚಿದರೆ ಒಂದು ತಲೆಮಾರಿನಲ್ಲಿ ಅದು ಮರಳಿ ಬಾರದು.

1935ರಲ್ಲಿ ಕೇಂದ್ರ ಸರ್ಕಾರ ಪ್ರೇರಿ ಬೇಸಾಯದ ಪುನಶ್ಚೇತನಕ್ಕೆ ಒಂದು ಸಂಸ್ಥೆಯನ್ನು ತೆರೆಯಿತು. ಅದು ಹಾಳುಬಿದ್ದ ಹೊಲಗಳನ್ನು ಕೂಡಿಸಿ, ಊರವರ ದನಗಳು ಮೇಯಲು ಸಾಮುದಾಯಿಕ ಗೋಮಾಳಗಳನ್ನು ಮಾಡಿತು. ವಾಲ್ ಮರೀ ಬಳಿ ಫ್ರೆಂಚ್‌ಮನ್ ನದಿಯ ನೀರನ್ನು ತಡೆದು ನೀರಾವರಿಯನ್ನೂ ಒದಗಿಸಿತು. ಮಣ್ಣು ಹಿಡಿಯಲೆಂದು ರಷ್ಯದ ಕಡೆಯಿಂದ ಬಂದ ಒಂದು ಜಾತಿಯ ಹುಲ್ಲನ್ನು ಹಾಳು ಹೊಲಗಳಲ್ಲಿ ಬಿತ್ತಿದರು. ಅದು ಎಷ್ಟು ಚೆನ್ನಾಗಿ ಬೇರೂರಿತೆಂದರೆ, ಇಂದಿಗೂ ಅಲ್ಲಿನ ನಾಡಹುಲ್ಲಿಗೆ ಜಾಗ ಬಿಟ್ಟುಕೊಟ್ಟಿಲ್ಲ.

ಉಳಿದದ್ದು ಹೇಗೆ?

ಹೀಗೆ ಪ್ರೇರಿಯ ಬಹುಭಾಗ ಹೊಲವಾದರೂ ವಾಲ್ ಮರೀ ಸುತ್ತ ಒಂದಿಷ್ಟು ಹುಲ್ಲು ನೇಗಿಲಿಗೆ ಸಿಕ್ಕದೆ ಉಳಿಯಿತು. ಕೊರಕಲು, ದಿಬ್ಬ, ಜೇಡಿಮಣ್ಣಿನ ಬೋಳುಗುಡ್ಡ. ಉಳುವುದಕ್ಕೆ ಯೋಗ್ಯವಲ್ಲ ಎಂದು ಎಲ್ಲರೂ ಕೈಬಿಟ್ಟ ನೆಲ ಅದು. ಅದನ್ನು ಬಿಡದೆ ಹಿಡಿದವರು ದನ ಸಾಕುವ ಕುಟುಂಬಗಳು. ಒಂದು ಮೇಯುವಿಕೆಯ ನಂತರ ಹುಲ್ಲಿಗೆ ಚೇತರಿಸಿಕೊಳ್ಳಲು ಸಮಯ ಕೊಡದಿದ್ದರೆ ಮುಂದಿನ ವರ್ಷ ತಮ್ಮ ದನಗಳೇ ಉಪವಾಸ ಎಂಬುದು ಅವರಿಗೆ ಗೊತ್ತಿತ್ತು. ಯಾವ ಪರಿಸರ ಪಾಠವೂ ಇಲ್ಲದೆ, ಹೊಟ್ಟೆಪಾಡಿನ ಎಚ್ಚರದಿಂದಲೇ ಅವರು ಹುಲ್ಲನ್ನು ಕಾಪಾಡಿದರು.

1981ರಲ್ಲಿ ಕೇಂದ್ರ ಮತ್ತು ಪ್ರಾಂತ್ಯ ಸರ್ಕಾರಗಳು ಇಲ್ಲಿ ಗ್ರಾಸ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನವನ್ನು ಮಾಡಲು ಒಪ್ಪಿಕೊಂಡವು. ಮಾರಲು ಮನಸ್ಸಿದ್ದವರಿಂದ ಮಾತ್ರ ಜಮೀನು ಕೊಳ್ಳಬೇಕೆಂಬ ನಿಯಮವಿತ್ತು. ಆದ್ದರಿಂದ ಉದ್ಯಾನ ತುಂಡು ತುಂಡಾಗಿ, ನಿಧಾನವಾಗಿ ಬೆಳೆಯಿತು. ಊರವರಿಗೆ ಅಳುಕಿತ್ತು. ಒಂದು ದನದ ಮನೆ ಖಾಲಿಯಾದರೆ ಊರಿನ ಅಂಗಡಿಗೆ ಒಬ್ಬ ಗಿರಾಕಿ ಕಡಿಮೆ, ಶಾಲೆಗೆ ಎರಡು ಮಕ್ಕಳು ಕಡಿಮೆ. ಆ ಅಳುಕು ಸುಳ್ಳೂ ಆಗಿರಲಿಲ್ಲ.

ಉದ್ಯಾನದವರೂ ಒಂದು ಪಾಠ ಕಲಿತರು. ಮೊದಲು ದನಗಳನ್ನು ಹೊರಗಿಟ್ಟು ಹುಲ್ಲನ್ನು ಅದರ ಪಾಡಿಗೆ ಬಿಟ್ಟರು. ಆದರೆ ಮೇಯುವ ಬಾಯಿಯೊಡನೆ ಸಾವಿರಾರು ವರ್ಷ ಬೆಳೆದು ಬಂದ ಹುಲ್ಲಿಗೆ ಮೇಯುವ ಬಾಯಿಯೂ ಬೇಕು. ಎಲ್ಲೆಡೆ ಒಂದೇ ಸಮ ಬೆಳೆದ ಹುಲ್ಲಿನಲ್ಲಿ ಅಲ್ಲಿನ ಅನೇಕ ಹಕ್ಕಿಗಳು ಗೂಡು ಕಟ್ಟವು. ಆದ್ದರಿಂದ 2005ರ ಕೊನೆಯಲ್ಲಿ ಆಲ್ಬರ್ಟಾ ಪ್ರಾಂತ್ಯದ ಎಲ್ಕ್ ಐಲ್ಯಾಂಡ್ ಉದ್ಯಾನದಿಂದ 71 ಬೈಸನ್‌ಗಳನ್ನು ತಂದು, 2006ರಲ್ಲಿ ಬಯಲಿಗೆ ಬಿಟ್ಟರು. ಈಗ ಆ ಹಿಂಡು ನೂರಾರಾಗಿದೆ. ಉದ್ಯಾನದ ಕೆಲವೆಡೆ ದನ ಮೇಯಿಸುವುದನ್ನೂ ಮತ್ತೆ ಸೇರಿಸಿದರು. ಕೆನಡಾದಲ್ಲಿ ಕಪ್ಪುಬಾಲದ ಪ್ರೇರಿ ಡಾಗ್‌ಗಳು ಕಾಡಿನ ಸ್ಥಿತಿಯಲ್ಲಿ ಉಳಿದಿರುವುದೂ ಈ ಕಣಿವೆಯ ಸುತ್ತಮುತ್ತಲಷ್ಟೇ. ಹೆಸರಿನಲ್ಲಿ 'ಡಾಗ್' ಇದ್ದರೂ ಅದು ಬಿಲ ತೋಡಿ ಊರು ಕಟ್ಟುವ ಅಳಿಲಿನ ಜಾತಿ. ಅದನ್ನೇ ತಿಂದು ಬದುಕುವ ಕಪ್ಪುಕಾಲಿನ ಫೆರೆಟ್ ಎಂಬ ಪ್ರಾಣಿಯನ್ನು 2009ರಲ್ಲಿ ತಂದು ಬಿಟ್ಟರಾದರೂ ಅದು ಅಲ್ಲಿ ನೆಲೆ ಕಾಣಲಿಲ್ಲ. ಕಿತ್ತು ಹಾಕಿದ್ದೆಲ್ಲವನ್ನೂ ಮರಳಿ ನೆಡಲು ಸಾಧ್ಯವಾಗುವುದಿಲ್ಲ.

ಇಂದು ಉದ್ಯಾನದ ಪ್ರವಾಸಿ ಕೇಂದ್ರ ಇರುವುದು ವಾಲ್ ಮರೀಯಲ್ಲೇ. ಹಳೆಯ ಇಟ್ಟಿಗೆಯ ಶಾಲೆ ಸಣ್ಣ ವಸ್ತುಸಂಗ್ರಹಾಲಯವಾಯಿತು. ಸನ್ಯಾಸಿನಿಯರ ಕಾನ್ವೆಂಟ್ ಪ್ರವಾಸಿಗರ ತಂಗುಮನೆಯಾಯಿತು. ಒಂದು ಮರದ ಎಲಿವೇಟರನ್ನು ಊರವರು ಕೆಡವಲು ಬಿಡದೆ ಉಳಿಸಿಕೊಂಡರು. ದೊಡ್ಡ ಊರುಗಳ ದೀಪದ ಬೆಳಕು ತಾಗದ ಇಲ್ಲಿನ ಆಕಾಶವನ್ನು 2009ರಲ್ಲಿ 'ಕತ್ತಲ ಆಕಾಶದ ತಾಣ' ಎಂದು ಗುರುತಿಸಲಾಯಿತು. ಯಾವುದಕ್ಕೂ ಬಾರದೆಂದು ಬಿಟ್ಟ ದಿಬ್ಬ, ದೂರ, ಕತ್ತಲೆ, ಇವೇ ಊರಿಗೆ ಆಸರೆಯಾದವು.

ಹೊಳೆಯ ಹಿಮದ ಮೇಲೆ

ಇಷ್ಟು ಸಣ್ಣ ಊರಿನಲ್ಲಿ ಮಕ್ಕಳು ಏನಾದಾರು ಎಂದು ಕೇಳುವ ತಂದೆತಾಯಿಗಳಿಗೆ ಬ್ರಯನ್ ಟ್ರಾಟಿಯರ್ ಹೆಸರು ಹೇಳಬಹುದು. ವಾಲ್ ಮರೀಯಲ್ಲಿ 1956ರಲ್ಲಿ ಹುಟ್ಟಿದ, ಮೂಲನಿವಾಸಿ ರಕ್ತಸಂಬಂಧವುಳ್ಳ ದನಗಾಹಿಯ ಮಗ. ಚಳಿಗಾಲದಲ್ಲಿ ಮನೆಯ ಹತ್ತಿರದ ಹೆಪ್ಪುಗಟ್ಟಿದ ಹೊಳೆಯೇ ಅವರ ಆಟದ ಬಯಲು. ಮುಂದೆ ಅವರು ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡದಲ್ಲಿ ಆಡಿ 1980ರಿಂದ 1983ರವರೆಗೆ ಸತತ ನಾಲ್ಕು ಸಲ, ಪಿಟ್ಸ್‌ಬರ್ಗ್ ತಂಡದಲ್ಲಿ 1991 ಮತ್ತು 1992ರಲ್ಲಿ ಎರಡು ಸಲ, ಐಸ್ ಹಾಕಿಯ ಪರಮ ಗೌರವವಾದ ಸ್ಟಾನ್ಲಿ ಕಪ್ ಗೆದ್ದರು. ಅದೇ ನದಿಯ ಮೇಲ್ಭಾಗದಲ್ಲಿ ಈಸ್ಟೆಂಡ್ ಎಂಬ ಊರಿದೆ. ಅಲ್ಲಿನ ಶಾಲಾ ಶಿಕ್ಷಕರೊಬ್ಬರು 1991ರಲ್ಲಿ ವಿಜ್ಞಾನಿಗಳ ಜೊತೆ ಗುಡ್ಡ ಸುತ್ತಲು ಹೋಗಿ ಒಂದು ಹಲ್ಲು, ಒಂದು ಬಾಲದ ಮೂಳೆಯನ್ನು ಕಂಡರು. ಅದು ಟಿರನೊಸಾರಸ್ ರೆಕ್ಸ್ ಎಂಬ ಡೈನೊಸಾರಿನದು. 'ಸ್ಕಾಟಿ' ಎಂದು ಹೆಸರಾದ ಆ ಪ್ರಾಣಿ, ಈವರೆಗೆ ಸಿಕ್ಕ ಆ ಜಾತಿಯ ಅತಿ ದೊಡ್ಡವುಗಳಲ್ಲಿ ಒಂದು.

ನಮ್ಮ ಅಡಿಗೆಮನೆಗೂ ಆ ಪ್ರಾಂತ್ಯಕ್ಕೂ ಒಂದು ನಂಟಿದೆ. ಗೋಧಿಯೊಂದನ್ನೇ ನಂಬಿ ಕೆಟ್ಟ ರೈತರಿಗೆ ಬದಲಿ ಬೆಳೆ ಬೇಕಾದಾಗ ಸಸ್ಕ್ಯಾಚೆವಾನ್ ವಿಶ್ವವಿದ್ಯಾಲಯದ ಆಲ್ ಸ್ಲಿಂಕಾರ್ಡ್ 1978ರಲ್ಲಿ 'ಲೇರ್ಡ್' ಎಂಬ ಮಸೂರದ ತಳಿಯನ್ನು ಕೊಟ್ಟರು. ಇಂದು ಕೆನಡಾ ಜಗತ್ತಿಗೆ ಅತಿ ಹೆಚ್ಚು ಮಸೂರ್ ಬೇಳೆ ಮಾರುವ ದೇಶ. ಅದರಲ್ಲಿ ಬಹುಪಾಲು ಬೆಳೆಯುವುದು ಈ ಪ್ರಾಂತ್ಯದಲ್ಲಿ. ದೊಡ್ಡ ಗಿರಾಕಿಗಳಲ್ಲಿ ಭಾರತವೂ ಒಂದು. 2017ರಲ್ಲಿ ಭಾರತ ಆಮದು ಹಳದಿ ಬಟಾಣಿಗೆ ಶೇಕಡಾ 50ರ ಸುಂಕ ಹಾಕಿದಾಗ, ಚಿಂತೆ ಹತ್ತಿದ್ದು ಆ ದೂರದ ಹಳ್ಳಿಗಳ ರೈತರಿಗೆ. ದಿನಸಿ ಅಂಗಡಿಯಿಂದ ತಂದ ಬೇಳೆಯ ಪೊಟ್ಟಣದ ಮೇಲೆ ಕೆನಡಾ ಎಂಬ ಹೆಸರಿದೆಯೇ ಎಂದು ಮಕ್ಕಳು ಒಮ್ಮೆ ಓದಿ ನೋಡಬಹುದು.

ಹುಲ್ಲಿನ ಕಥೆ ಇನ್ನೂ ಮುಗಿದಿಲ್ಲ. 1930ರ ದಶಕದಲ್ಲಿ ಮಾಡಿದ ಸಾಮುದಾಯಿಕ ಗೋಮಾಳಗಳ ಹೊಣೆಯಿಂದ ಹಿಂದೆ ಸರಿಯುವುದಾಗಿ ಕೇಂದ್ರ ಸರ್ಕಾರ 2012ರಲ್ಲಿ ಪ್ರಕಟಿಸಿತು. ಮುಂದಿನ ವರ್ಷಗಳಲ್ಲಿ ಬಹುಪಾಲು ಗೋಮಾಳಗಳು ಪ್ರಾಂತ್ಯದ ಮೂಲಕ ದನ ಮೇಯಿಸುವವರ ನಿರ್ವಹಣೆಗೆ ಹೋದವು. ಬೆಳೆಯ ಬೆಲೆ ಏರಿದಾಗಲೆಲ್ಲ ಉಳಿದ ಹುಲ್ಲನ್ನೂ ಉತ್ತರೆ ಹೇಗೆ ಎಂಬ ಆಸೆ ಚಿಗುರುತ್ತದೆ. ಮಳೆ ಚೆನ್ನಾಗಿ ಆದ ವರ್ಷದಲ್ಲಿ ಅದು ಬುದ್ಧಿವಂತಿಕೆಯಂತೆಯೇ ಕಾಣುತ್ತದೆ. ಮಕೂನ್‌ಗೂ ಹಾಗೆಯೇ ಕಂಡಿತ್ತು.

ನೆಲವಾಗಲಿ, ತರಗತಿಯ ಹಿಂದಿನ ಬೆಂಚಿನ ಹುಡುಗನಾಗಲಿ, 'ಇದು ಕೆಲಸಕ್ಕೆ ಬಾರದ್ದು' ಎಂದು ಮುದ್ರೆ ಒತ್ತುವ ಮುನ್ನ ಇನ್ನೊಂದಿಷ್ಟು ವರ್ಷ ಕಾದು ನೋಡುವುದು ಒಳ್ಳೆಯದು. ಭೂಗೋಳದ ಪಾಠದಲ್ಲಿ ಮುಂದಿನ ಸಲ 'ಪ್ರೇರಿ - ಉತ್ತರ ಅಮೆರಿಕ' ಎಂದು ಗೆರೆ ಎಳೆದು ಹೊಂದಿಸುವಾಗ, ಆ ಗೆರೆಯ ತುದಿಯಲ್ಲಿ ಮೊಣಕಾಲೆತ್ತರವೂ ಇಲ್ಲದ, ಆದರೆ ಆಳಕ್ಕೆ ಬೇರಿಳಿಸಿದ ಒಂದು ಹುಲ್ಲು ಇದೆ ಎಂಬುದು ನೆನಪಿರಲಿ.